ಹುಳ ಯಾವುದೆಂದು ತಿಳಿಯದೆ ಮದ್ದು ಏಕೆ?

ರೋಗವನ್ನು ಗುರುತಿಸದೆ ಮದ್ದು ಕೊಡುವವನನ್ನು ಯಾರೂ ವೈದ್ಯನೆನ್ನುವುದಿಲ್ಲ. ಆದರೆ ಮನೆಯ ಜಗಲಿಯ ಹೂಕುಂಡದಲ್ಲಿ ದಾಸವಾಳದ ಕುಡಿ ಮುರುಟಿತೆಂದರೆ, ತುಳಸಿಯ ಎಲೆ ಕಪ್ಪಿಟ್ಟಿತೆಂದರೆ, ಗುಲಾಬಿಯ ಕಾಂಡಕ್ಕೆ ಬಿಳಿಯ ಹಿಟ್ಟು ಮೆತ್ತಿತೆಂದರೆ ಮನೆಮನೆಯಲ್ಲೂ ನಡೆಯುವುದು ಅದೇ ವೈದ್ಯ. ಅಂಗಡಿಗೆ ಹೋಗಿ "ಹುಳಕ್ಕೆ ಒಂದು ಮದ್ದು ಕೊಡಿ" ಎಂದರಾಯಿತು. ಯಾವ ಹುಳ ಎಂದು ಮಾರುವವನು ಕೇಳುವುದಿಲ್ಲ, ಕೊಳ್ಳುವವನು ಹೇಳುವುದಿಲ್ಲ. ಬಾಟಲಿ ಮನೆಗೆ ಬರುತ್ತದೆ. ಅದರ ಮೇಲೆ ಬರೆದದ್ದನ್ನು ಓದೋಣವೆಂದರೆ, ಗಡಿನಾಡಿನ ಕನ್ನಡಿಗನಿಗೆ ಅದು ತನ್ನ ಭಾಷೆಯಲ್ಲಿ ಇರುವುದಿಲ್ಲ.

ಹೂಕುಂಡದ ಹುಳದ ವಿಚಾರ ಪತ್ರಿಕೆಯ ಅಂಕಣಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಿಯಾರು. ಹೌದು ಎಂಬುದೇ ನಮ್ಮ ಉತ್ತರ. ತೋಟಕ್ಕೆ ಹೊಡೆಯುವ ವಿಷ ತೋಟದಲ್ಲಿರುತ್ತದೆ. ಕುಂಡಕ್ಕೆ ಹೊಡೆಯುವ ವಿಷ ಮಗು ತೆವಳುವ ಜಗಲಿಯಲ್ಲಿ, ನೀರಿನ ಕೊಡದ ಪಕ್ಕದಲ್ಲಿ, ಅಡಿಗೆಮನೆಯ ಕಿಟಕಿಯಲ್ಲಿ ಇರುತ್ತದೆ. ಆದುದರಿಂದ ಹುಳವನ್ನು ಮೊದಲು ಗುರುತಿಸಬೇಕು. ಗುರುತಿಸಿದರೆ ಹೆಚ್ಚಿನ ಹುಳಗಳಿಗೆ ವಿಷವೇ ಬೇಡ. ಬೇಕೇ ಆದಲ್ಲಿ ಅದರ ಎಚ್ಚರಿಕೆಯ ಮಾತು ಆ ಮನೆಯವರು ಓದುವ ಭಾಷೆಯಲ್ಲಿರಬೇಕು.

ಜತ್ತದ ಅಂಗಳ, ನಮ್ಮ ಅಂಗಳ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿ ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಜತ್ತ ತಾಲೂಕು ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ. 1967ರ ಮಹಾಜನ ವರದಿಯಲ್ಲಿ ಕಾಸರಗೋಡಿನಂತೆ ಅದರ ಹೆಸರೂ ಇತ್ತು. ದಾನಮ್ಮದೇವಿಯ ಗುಡ್ಡಾಪುರ ಇರುವುದು ಅಲ್ಲಿಯೇ. ಉಮದಿ, ಸಂಖ ಮುಂತಾದ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಆದರೆ ಕಚೇರಿಯ ಮಾತು, ಅಂಗಡಿಯ ಫಲಕ, ಕೃಷಿ ಇಲಾಖೆಯ ಕರಪತ್ರ ಎಲ್ಲವೂ ಮರಾಠಿ. ಇಲ್ಲಿ ಮಲೆಯಾಳ ಇರುವ ಸ್ಥಾನದಲ್ಲಿ ಅಲ್ಲಿ ಮರಾಠಿ ಇದೆ, ಅಷ್ಟೇ ವ್ಯತ್ಯಾಸ.

ಆಕಾಶ ಮಾತ್ರ ಬೇರೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಾಡು ನಮ್ಮದು. ಜತ್ತ ಬರದ ಸೀಮೆ. ನಮ್ಮಲ್ಲಿ ಮಳೆಗಾಲದಲ್ಲಿ ಕುಂಡದ ಮಣ್ಣು ಕೊಳೆತು ಸಣ್ಣ ಕಪ್ಪು ನೊಣಗಳು ಏಳುತ್ತವೆ. ಅಲ್ಲಿ ಬೇಸಗೆಯ ಒಣ ಗಾಳಿಗೆ ಎಲೆಯ ಅಡಿಯಲ್ಲಿ ನುಸಿ ಬಲೆ ಕಟ್ಟುತ್ತದೆ. ಅಲ್ಲಿ ಮನೆಯ ಸುತ್ತ ದಾಳಿಂಬೆ, ದ್ರಾಕ್ಷಿಯ ತೋಟಗಳು. ಈ ಬೆಳೆಗಳಿಗೆ ಮೇಲಿಂದ ಮೇಲೆ ಸಿಂಪರಣೆ ನಡೆಯುವುದರಿಂದ ವಿಷದ ಡಬ್ಬಿ ಮನೆಯಲ್ಲಿ ಸದಾ ಸಿದ್ಧವಾಗಿರುತ್ತದೆ. ತೋಟಕ್ಕೆ ಹೊಡೆದು ಪಂಪಿನ ತಳದಲ್ಲಿ ಉಳಿದದ್ದನ್ನು ಬಾಗಿಲ ಮುಂದಿನ ಗಿಡಕ್ಕೂ ಚಿಮುಕಿಸಿಬಿಡೋಣ ಎಂಬ ಆಸೆ ಹುಟ್ಟುವುದು ಇಂತಹ ಮನೆಗಳಲ್ಲಿಯೇ. ಆ ಸೀಮೆಯವರು ಅದನ್ನು "ಎಣ್ಣಿ ಹೊಡಿಯೂದು" ಎನ್ನುತ್ತಾರೆ, ನಾವು "ಮದ್ದು ಬಿಡುವುದು" ಎನ್ನುತ್ತೇವೆ. ಎಣ್ಣೆಯೆಂದರೂ ಮದ್ದೆಂದರೂ ಅದು ವಿಷವೇ. ವಿಷಕ್ಕೆ ಸೌಮ್ಯವಾದ ಹೆಸರಿಟ್ಟು ಮನೆಯೊಳಗೆ ಬಿಟ್ಟುಕೊಳ್ಳುವ ಅಭ್ಯಾಸ ಎರಡೂ ಕಡೆ ಒಂದೇ.

ಹೆಸರಿನಲ್ಲೇ ತಪ್ಪುವ ದಾರಿ

ಭಾಷೆ ಬದಲಾದರೆ ಹುಳದ ಹೆಸರು ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಕಾಂಡದ ಗಂಟುಗಳಲ್ಲಿ ಹತ್ತಿಯಂತೆ, ಹಿಟ್ಟಿನಂತೆ ಅಂಟಿಕೊಳ್ಳುವ ಕೀಟಕ್ಕೆ ಕನ್ನಡದಲ್ಲಿ ಹಿಟ್ಟು ತಿಗಣೆ ಎನ್ನುತ್ತಾರೆ. ಮರಾಠಿಯಲ್ಲಿ ಅದು ಪಿಠ್ಯಾ ಢೇಕೂಣ, ಅಂದರೆ ಹಿಟ್ಟಿನ ತಿಗಣೆಯೇ. ಮಲೆಯಾಳದಲ್ಲಿ ಮೀಲಿಮೂಟ್ಟ, ಮೂಟ್ಟ ಎಂದರೂ ತಿಗಣೆ. ಮೂರು ಭಾಷೆಯವರೂ ಒಂದೇ ಕಣ್ಣಿನಿಂದ ನೋಡಿ ಹೆಸರಿಟ್ಟಿದ್ದಾರೆ, ಇಲ್ಲಿ ತೊಡಕಿಲ್ಲ.

ಆದರೆ ಎಲ್ಲಾ ಹೆಸರುಗಳೂ ಹೀಗಿಲ್ಲ. ಎಳೆಯ ಕುಡಿಯಲ್ಲಿ ಗುಂಪಾಗಿ ಕುಳಿತು ರಸ ಹೀರುವ ಮೆತ್ತನೆಯ ಹಸಿರು ಅಥವಾ ಕಪ್ಪು ಕೀಟ ನಮಗೆ ಸಸ್ಯಹೇನು. ಮಲೆಯಾಳದ ಕರಪತ್ರದಲ್ಲಿ "ಇಲಪ್ಪೇನ್" ಎಂದು ಕಂಡರೆ, ಎಲೆಯ ಹೇನು ತಾನೇ ಎಂದು ಕನ್ನಡಿಗ ಅದನ್ನೇ ಸಸ್ಯಹೇನೆಂದು ತಿಳಿಯುವುದು ಸಹಜ. ಆದರೆ ಇಲಪ್ಪೇನ್ ಎಂದರೆ ಥ್ರಿಪ್ಸ್; ಸಸ್ಯಹೇನಿಗೆ ಅವರು ಮುಞ್ಞ ಎನ್ನುತ್ತಾರೆ. ಸಸ್ಯಹೇನು ಕುಡಿಯ ಮೇಲೆ ಬಯಲಲ್ಲೇ ಕುಳಿತಿರುತ್ತದೆ, ನೀರು ರಾಚಿದರೆ ಉದುರುತ್ತದೆ. ಥ್ರಿಪ್ಸ್ ಮೊಗ್ಗಿನ ಒಳಗೆ ಅಡಗುತ್ತದೆ, ಅದರ ಮೊಟ್ಟೆ ಎಲೆಯ ಅಂಗಾಂಶದೊಳಗಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಒಂದರ ಉಪಾಯ ಇನ್ನೊಂದಕ್ಕೆ ನಡೆಯದು.

ಜತ್ತದಲ್ಲಿ ತೊಡಕು ಬೇರೆ ಬಗೆಯದು. ಮರಾಠಿಯಲ್ಲಿ ಸಸ್ಯಹೇನಿಗೆ ಮಾವಾ ಎನ್ನುತ್ತಾರೆ. ಮಾವಾ ಎಂದರೆ ಆ ಸೀಮೆಯ ಕನ್ನಡಿಗನಿಗೆ ಪೇಢೆ ಮಾಡುವ ಖವಾ ನೆನಪಾದೀತು, ಇಲ್ಲವೇ ತಂಬಾಕಿನ ಪುಡಿಕೆ ನೆನಪಾದೀತು. ಗಿಡದ ಹುಳ ನೆನಪಾಗಲಾರದು. ಕನ್ನಡದಲ್ಲೂ ದೋಷವಿಲ್ಲದಿಲ್ಲ. ಥ್ರಿಪ್ಸಿಗೂ ಮೈಟಿಗೂ ನಾವು ನುಸಿಯೆಂದೇ ಹೇಳುತ್ತೇವೆ. ಮರಾಠಿಯವರು ಮೈಟಿಗೆ ಲಾಲ ಕೋಳೀ ಎಂದು, ಅಂದರೆ ಕೆಂಪು ಜೇಡವೆಂದು, ಸರಿಯಾಗಿ ಕರೆದಿದ್ದಾರೆ. ಎಂಟು ಕಾಲಿನ ಈ ಜೀವಿ ಜೇಡದ ಬಳಗದ್ದೇ ಹೊರತು ಕೀಟವಲ್ಲ. ಆದುದರಿಂದ ಅನೇಕ ಕೀಟನಾಶಕಗಳು ಅದಕ್ಕೆ ತಾಗುವುದಿಲ್ಲ; ಬದಲಿಗೆ ಅದನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಂದು ನುಸಿಯನ್ನು ಹೆಚ್ಚಿಸಿಬಿಡುತ್ತವೆ. ದುಡ್ಡು ಕೊಟ್ಟು ಪೀಡೆಯನ್ನು ಸಾಕಿದಂತಾಯಿತು.

ಕಣ್ಣಿಟ್ಟು ನೋಡುವ ಬಗೆ

ಗುರುತಿಸುವುದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಎಲೆಯನ್ನು ಮಗುಚಿ ನೋಡಬೇಕು; ಹೆಚ್ಚಿನ ಹುಳಗಳು ವಾಸಿಸುವುದು ಅಡಿಯಲ್ಲಿಯೇ. ಕುಂಡವನ್ನು ಅಲುಗಿಸಿದಾಗ ಸಣ್ಣ ಬಿಳಿ ಚಿಟ್ಟೆಗಳಂತಹವು ಹಾರಿ ಮತ್ತೆ ಎಲೆಯಡಿ ಕೂತರೆ ಅದು ಬಿಳಿನೊಣ. ಕಾಂಡಕ್ಕೆ ಕಂದು ಬಣ್ಣದ ಹುರುಪೆಯಂತೆ ಅಂಟಿದ್ದು ಉಗುರಿನಿಂದ ಕೆರೆದರೆ ಎದ್ದುಬಂದರೆ ಅದು ಶಲ್ಕ ಕೀಟ. ಎಲೆ ಬೂದಿ ಹಿಡಿದಂತೆ ಚುಕ್ಕೆಚುಕ್ಕೆಯಾಗಿ ಮಂಕಾದರೆ, ಅದರ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟಬೇಕು. ಕಾಗದದ ಮೇಲೆ ಬಿದ್ದ ಧೂಳಿನ ಕಣ ನಡೆಯತೊಡಗಿದರೆ ಅದು ನುಸಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಏಳುತ್ತಿದ್ದರೆ ನೀರು ಹೆಚ್ಚಾಗಿದೆಯೆಂದೇ ಅರ್ಥ. ಮೇಲ್ಮಣ್ಣು ಒಣಗುವ ತನಕ ನೀರು ನಿಲ್ಲಿಸುವುದೇ ಅದರ ಮದ್ದು. ಎಲೆ ಅಂಟಂಟಾಗಿ, ಅದರ ಮೇಲೆ ಮಸಿಯಂತಹ ಬೂಸರು ಬೆಳೆದು, ಇರುವೆಗಳು ಸಾಲುಗಟ್ಟಿದ್ದರೆ ಹಿಟ್ಟು ತಿಗಣೆಯೋ ಸಸ್ಯಹೇನೋ ಶಲ್ಕವೋ ಎಲ್ಲೋ ಕುಳಿತು ಸಿಹಿ ದ್ರವ ಸುರಿಸುತ್ತಿದೆ. ಇರುವೆ ಆ ಸಿಹಿಗಾಗಿ ಅವುಗಳನ್ನು ದನ ಕಾಯುವಂತೆ ಕಾಯುತ್ತದೆ. ಇರುವೆಯ ದಾರಿ ತಪ್ಪಿಸಿದರೆ ಅರ್ಧ ಕೆಲಸ ಮುಗಿಯಿತು.

ತುಳಸಿಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಜತ್ತದಲ್ಲೂ ನಮ್ಮಲ್ಲೂ ತುಳಸಿ ಇಲ್ಲದ ಅಂಗಳ ವಿರಳ. ಎಲೆ ಮುದುಡಿ, ಒಣಗಿ, ಅಡಿಯಲ್ಲಿ ಎಳ್ಳಿನ ಪುಡಿಯಂತಹ ಕಪ್ಪು ಚುಕ್ಕೆಗಳಿದ್ದರೆ ಅದು ಜಾಲರಿ ರೆಕ್ಕೆಯ ಪುಟ್ಟ ತಿಗಣೆಯ ಕೆಲಸ. ಹಾಳಾದ ಕುಡಿಗಳನ್ನು ಕತ್ತರಿಸಿ ಸುಟ್ಟುಬಿಡುವುದು, ಉಳಿದದ್ದಕ್ಕೆ ಬೇವಿನ ಕಷಾಯ ಚಿಮುಕಿಸುವುದು, ಇಷ್ಟು ಸಾಕು. ತೀರ್ಥಕ್ಕೆ ಹಾಕುವ, ಕೆಮ್ಮಿದ ಮಗುವಿಗೆ ರಸ ಹಿಂಡಿ ಕುಡಿಸುವ ಗಿಡಕ್ಕೆ ವಿಷ ಹೊಡೆಯುವುದು ಯಾವ ಧರ್ಮ?

ಮನೆಯಲ್ಲೇ ಇರುವ ಉಪಾಯ

ಹುಳ ಹಿಡಿದ ಕುಂಡವನ್ನು ಮೊದಲು ಉಳಿದವುಗಳಿಂದ ದೂರ ಇಡಬೇಕು. ಹಿಟ್ಟು ತಿಗಣೆ ಸ್ವಲ್ಪವೇ ಇದ್ದರೆ ಔಷಧದಂಗಡಿಯ ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಬಹುದು. ಹತ್ತಿರ ಬೆಂಕಿ ಇರಬಾರದು, ಅಷ್ಟೇ. ಹೆಚ್ಚಿದ್ದರೆ ಗಿಡವನ್ನು ಅಡ್ಡ ಹಿಡಿದು ನೀರು ರಾಚಬೇಕು. ಬಳಿಕ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಕರಗುವಷ್ಟು ಸೌಮ್ಯ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಚಿಮುಕಿಸಬೇಕು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಟ್ಟೀತು. ಮೊದಲು ಒಂದು ಎಲೆಗೆ ಹಚ್ಚಿ ಎರಡು ದಿನ ಕಾದು ನೋಡುವುದು ಜಾಣತನ. ಮೊಟ್ಟೆಗಳು ಮೇಣದ ಚೀಲದೊಳಗೆ ಉಳಿಯುವುದರಿಂದ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಇದನ್ನು ಮಾಡಬೇಕು. ಒಮ್ಮೆ ಮಾಡಿ "ಬೇವು ನಾಟಲಿಲ್ಲ" ಎನ್ನುವವರೇ ಹೆಚ್ಚು.

ಜತ್ತದಂತಹ ಒಣ ಸೀಮೆಯಲ್ಲಿ ಬೇವಿನ ಮರಕ್ಕೆ ಬರವಿಲ್ಲ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಸೋಸಿದರೆ ಕಷಾಯ ಸಿದ್ಧ. ನುಸಿಗೆ ಒಣ ಹವೆಯೇ ಬಲ. ಎಲೆಯಡಿಯನ್ನು ಆಗಾಗ ನೀರಿನಿಂದ ತೊಳೆಯುವುದೇ ಅದರ ಶತ್ರು. ಬಿಳಿನೊಣಕ್ಕೆ ಹಳದಿ, ಥ್ರಿಪ್ಸಿಗೆ ನೀಲಿ ರಟ್ಟಿನ ತುಂಡಿಗೆ ಹರಳೆಣ್ಣೆ ಸವರಿ ಗಿಡದ ಬಳಿ ತೂಗಿದರೆ ಅವು ಬಂದು ಅಂಟಿಕೊಳ್ಳುತ್ತವೆ. ಗಿಡ ಸೊಂಪಾಗಲೆಂದು ಯೂರಿಯಾ ಸುರಿಯುವ ಚಟವನ್ನೂ ಬಿಡಬೇಕು. ಮೆತ್ತಗೆ ಬೆಳೆದ ಕುಡಿ ರಸ ಹೀರುವ ಹುಳಗಳಿಗೆ ಔತಣವಿದ್ದಂತೆ.

ಮಿತ್ರನನ್ನೇ ಕೊಲ್ಲುವ ಅಜ್ಞಾನ

ಗುರುತಿಸದೆ ಕೊಲ್ಲುವುದರ ಇನ್ನೊಂದು ಕೆಡುಕು, ನಮ್ಮ ಮಿತ್ರರೂ ಸಾಯುವುದು. ಗುಲಗಂಜಿ ಹುಳುವಿನ ಒಂದು ಜಾತಿ ಹಿಟ್ಟು ತಿಗಣೆಯನ್ನು ತಿಂದೇ ಬದುಕುತ್ತದೆ. 1898ರಲ್ಲಿ ಆಸ್ಟ್ರೇಲಿಯದಿಂದ ಇದನ್ನು ನಮ್ಮ ದೇಶಕ್ಕೆ ತಂದದ್ದು ಕಾಫಿಯ ಶಲ್ಕ ಕೀಟಕ್ಕಾಗಿ. ಇಂದು ದ್ರಾಕ್ಷಿ ತೋಟಗಳಲ್ಲಿ ಹಿಟ್ಟು ತಿಗಣೆಗೆ ಅದನ್ನು ಬಿಡುತ್ತಾರೆ. ವಿಚಿತ್ರವೆಂದರೆ ಇದರ ಮರಿಹುಳವೂ ಮೈತುಂಬ ಬಿಳಿ ಮೇಣದ ಎಳೆಗಳನ್ನು ಹೊತ್ತು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡಾಡುತ್ತದೆ ಎಂಬುದೇ ಗುರುತು. ಗೊತ್ತಿಲ್ಲದವರು ಅದನ್ನೇ ದೊಡ್ಡ ತಿಗಣೆಯೆಂದು ಹೊಸಕಿಹಾಕುತ್ತಾರೆ.

2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯ ಕಥೆ ಇನ್ನೂ ಪಾಠ ಕಲಿಸುವಂತಹುದು. ಮೆಕ್ಸಿಕೊ ಮೂಲದ ಈ ಕೀಟ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನಲ್ಲದೆ ಮನೆಯಂಗಳದ ದಾಸವಾಳವನ್ನೂ ಮುತ್ತಿತು. ಮೈಮೇಲಿನ ಮೇಣದಿಂದಾಗಿ ವಿಷ ತಾಗಲಿಲ್ಲ. ರೈತರು ಹೊಡೆದರು, ಮತ್ತೆ ಹೊಡೆದರು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೊ ಪೋರ್ಟೊರಿಕೊದಿಂದ ಅದರ ಸಹಜ ಶತ್ರುಗಳಾದ ಪುಟ್ಟ ಕಣಜಗಳನ್ನು ತರಿಸಿ ಬಿಟ್ಟಿತು. ಪಂಪು ಮಾಡಲಾರದ ಕೆಲಸವನ್ನು ಸಾಸಿವೆಗಿಂತ ಚಿಕ್ಕ ಕಣಜ ಮಾಡಿತು. ಇದು ಸಾಧ್ಯವಾದದ್ದು ಹುಳ ಯಾವುದು, ಎಲ್ಲಿಯದು ಎಂದು ಮೊದಲು ಸರಿಯಾಗಿ ಗುರುತಿಸಿದ್ದರಿಂದ.

ಗುರುತಿಸುವ, ಕಾಯುವ ತಾಳ್ಮೆ ಇಲ್ಲದೆ ಹೋದಾಗ ಏನಾಗುತ್ತದೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರಿನ ಟೀ ಸೊಳ್ಳೆಗೆಂದು, ನಿಜಕ್ಕೂ ಅದು ಸೊಳ್ಳೆಯಲ್ಲ, ತಿಗಣೆಯ ಬಳಗದ ಕೀಟ, 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ತೋಟದ ಕೆಳಗೆ ಮನೆಗಳಿದ್ದವು, ತೋಡು, ಸುರಂಗ, ಬಾವಿಗಳಿದ್ದವು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಕಳೆದುಹೋದ ಬಾಲ್ಯಕ್ಕೆ ಬೆಲೆ ಕಟ್ಟುವವರಾರು? ಅದೇ 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ವಿಷ ಸಿಂಪಡಿಸಿದ 20ಕ್ಕೂ ಹೆಚ್ಚು ಮಂದಿ ಸತ್ತರು. ಹೊಲದ ಮಾತಾಯಿತು, ಕುಂಡಕ್ಕೇನು ಸಂಬಂಧ ಎನ್ನಬೇಡಿ. ಹೊಲದ ಡಬ್ಬಿಯೇ ಜಗಲಿಗೆ ಬರುವುದು.

ಕಾಯಿದೆ ಏನು ಹೇಳುತ್ತದೆ?

1968ರ ಕೀಟನಾಶಕ ಕಾಯಿದೆಯ ಅಡಿಯಲ್ಲಿ 1971ರಲ್ಲಿ ನಿಯಮಗಳಾದುವು. ಡಬ್ಬಿಯ ಚೀಟಿ ಮತ್ತು ಒಳಗಿನ ಕರಪತ್ರ ಹಿಂದಿ, ಇಂಗ್ಲಿಷ್ ಮಾತ್ರವಲ್ಲದೆ, ಅದನ್ನು ಮಾರುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಎರಡು ಪ್ರಾದೇಶಿಕ ಭಾಷೆಗಳಲ್ಲೂ ಇರಬೇಕೆಂದು ಅವು ವಿಧಿಸುತ್ತವೆ. ರಾಜ್ಯದ ಭಾಷೆ ಎಂದಲ್ಲ, ಪ್ರದೇಶದಲ್ಲಿ ಬಳಕೆಯಲ್ಲಿರುವ ಭಾಷೆ. ಒಂದು ಅಥವಾ ಎರಡು. ಜತ್ತದಲ್ಲಿ ಎರಡನೆಯ ಭಾಷೆ ಯಾವುದು? ಮಂಜೇಶ್ವರದಲ್ಲಿ, ಕಾಸರಗೋಡಿನಲ್ಲಿ ಎರಡನೆಯ ಭಾಷೆ ಯಾವುದು? ಉತ್ತರ ಎಲ್ಲರಿಗೂ ಗೊತ್ತಿದೆ. ಕಾಯಿದೆ ಬಾಗಿಲು ತೆರೆದಿಟ್ಟಿದೆ. ಒಳಗೆ ಹೋಗಿ ಕೇಳುವವರಿಲ್ಲ.

ಅದೇ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ "ನಿರಪಾಯಕಾರಿ" ಎಂದು ಹೊಗಳಿಕೊಳ್ಳುವಂತಿಲ್ಲ. ಆದರೆ ಅಂಗಡಿಯ ಕಟ್ಟೆಯಲ್ಲಿ ಬಾಯಿಮಾತಿನಲ್ಲಿ "ಏನೂ ಆಗುವುದಿಲ್ಲ, ಹೊಡೆಯಿರಿ" ಎಂಬ ಭರವಸೆಗೆ ತಡೆಯಿಲ್ಲ. ಚೀಟಿ ಓದಲಾರದವನಿಗೆ ಆ ಬಾಯಿಮಾತೇ ವೇದ. ಅಕ್ಷರ ಬಾರದವರೂ ತಿಳಿಯಲೆಂದು ಡಬ್ಬಿಯ ಮೇಲೆ ವಜ್ರಾಕೃತಿಯ ಗುರುತಿದೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಅದರ ಕೆಳಗೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಕೆಂಪು, ಹಳದಿಯ ಡಬ್ಬಿ ಮನೆಯೊಳಗಿನ ಗಿಡಕ್ಕೆ ಸರ್ವಥಾ ಸಲ್ಲದು. ಅಟ್ಟದಲ್ಲಿ ಹಳೆಯ ಬಾಟಲಿಗಳಿದ್ದರೆ ಅವನ್ನೂ ಪರೀಕ್ಷಿಸಬೇಕು. ಹಿಂದೆ ಬಳಕೆಯಲ್ಲಿದ್ದ ಡೈಕ್ಲೋರೋವಾಸ್, ಮಣ್ಣಿಗೆ ಹಾಕುತ್ತಿದ್ದ ಫೋರೇಟ್ ಹರಳು, ಇವೆರಡೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ.

ಚೀಟಿಯನ್ನು ಯಾರು ಓದುತ್ತಾರೆ, ಅಕ್ಷರ ಇರುವೆಯಷ್ಟು ಚಿಕ್ಕದು ಎಂಬ ಆಕ್ಷೇಪವಿದೆ. ಗಡಿಯ ಜನ ಎರಡೂ ಭಾಷೆ ಬಲ್ಲವರು, ಕನ್ನಡವೇ ಬೇಕೆಂಬುದು ಹಟವಲ್ಲವೇ ಎಂದೂ ಕೇಳಬಹುದು. ಪೇಟೆಗೆ ಹೋಗಿ ಬರುವ ಗಂಡಸರು ಎರಡು ಭಾಷೆ ಬಲ್ಲವರಿರಬಹುದು. ಆದರೆ ಗಿಡಕ್ಕೆ ನೀರೆರೆಯುವವರು ಮನೆಯ ಹೆಂಗಸರು, ಮುದುಕರು, ಕನ್ನಡ ಶಾಲೆಗೆ ಹೋಗುವ ಮಕ್ಕಳು. ಮಾತಿನಲ್ಲಿ ಬಲ್ಲ ಭಾಷೆ ಬೇರೆ, ವಿಷದ ಪ್ರಮಾಣವನ್ನು ಓದಿ ಅಳೆಯಬಲ್ಲ ಭಾಷೆ ಬೇರೆ. ಹೆಸರಿನಲ್ಲೇ ಎಡವುವುದನ್ನು ಮೇಲೆ ನೋಡಿದೆವಷ್ಟೆ. ಇಲ್ಲಿ ಭಾಷೆಯ ಪ್ರಶ್ನೆ ಅಭಿಮಾನದ್ದಲ್ಲ, ಪ್ರಾಣದ್ದು.

ಆಗಬೇಕಾದದ್ದು ಹೆಚ್ಚೇನಿಲ್ಲ. ಗಡಿ ತಾಲೂಕುಗಳಿಗೆ ಹೋಗುವ ಕೀಟನಾಶಕದ ಡಬ್ಬಿಗಳಲ್ಲಿ ಎರಡನೆಯ ಪ್ರಾದೇಶಿಕ ಭಾಷೆಯಾಗಿ ಕನ್ನಡ ಇರುವಂತೆ ಎರಡೂ ರಾಜ್ಯಗಳ ಕೃಷಿ ಇಲಾಖೆಗಳು ನೋಡಿಕೊಳ್ಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ಕೃಷಿಭವನಕ್ಕೆ ಈ ಬಗ್ಗೆ ಒಂದು ಕಾಗದ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಕೀಟಗಳ ಚಿತ್ರ, ಅವುಗಳ ಹೆಸರು ಕನ್ನಡ, ಮರಾಠಿ, ಮಲೆಯಾಳ ಮೂರರಲ್ಲೂ ಇರುವ ಒಂದು ಹಾಳೆಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವಾಗಲಿ, ಬೆಂಗಳೂರಿನ ಕೀಟ ಬ್ಯೂರೊವಾಗಲಿ ಅಚ್ಚುಹಾಕಿಸಿದರೆ ಜತ್ತಕ್ಕೂ ಆಯಿತು, ನಮಗೂ ಆಯಿತು. ಸೊಲ್ಲಾಪುರದ ದಾಳಿಂಬೆ ಸಂಶೋಧನ ಕೇಂದ್ರ, ಕಾಸರಗೋಡಿನ ತೋಟಬೆಳೆ ಸಂಶೋಧನಾಲಯ ಇದಕ್ಕೆ ಕೈಜೋಡಿಸಲಿ. ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ನಾಲ್ಕು ಕುಂಡ, ಒಂದು ಭೂತಗನ್ನಡಿ ಕೊಟ್ಟರೆ ಹಾಳೆಯಲ್ಲಿ ಇಲ್ಲದ್ದನ್ನೂ ಅವರೇ ಕಂಡುಕೊಳ್ಳುವರು.

ಅಷ್ಟರ ತನಕ ಓದುಗರು ಮಾಡಬಹುದಾದದ್ದು ಒಂದಿದೆ. ಇನ್ನು ಮೇಲೆ ಅಂಗಡಿಗೆ ಹೋದಾಗ "ಹುಳಕ್ಕೆ ಮದ್ದು ಕೊಡಿ" ಎನ್ನದೆ ಹುಳದ ಹೆಸರು ಹೇಳಿ ಕೇಳಿರಿ. ಹೆಸರು ತಿಳಿಯದಿದ್ದರೆ ಹುಳ ಹಿಡಿದ ಎಲೆಯನ್ನೇ ಒಂದು ಲಕೋಟೆಯಲ್ಲಿ ಹಾಕಿ ಕೃಷಿಭವನಕ್ಕೆ ಒಯ್ದು ತೋರಿಸಿರಿ. ಹೆಸರು ತಿಳಿದ ಮೇಲೆ ಅಂಗಡಿಗೆ ಹೋಗುವ ಅಗತ್ಯವೇ ಬಹಳ ಸಲ ಬೀಳಲಾರದು.